ಏಳನೆಯವಳ ಸಾಲು

ಹೆಂಚಿನ ಕಾರ್ಖಾನೆಯವರು ನಮ್ಮ ಹೆಂಗಸರ ಹಲಗೆ ಹಾಡನ್ನು ಕಾಗದಕ್ಕೆ ಇಳಿಸಿಕೊಂಡು, ಅದರ ನೆತ್ತಿಯ ಮೇಲೆ ಧಣಿಯ ಹೆಸರು ಬರೆದರು.

ಇಳಿಸಿಕೊಂಡವರು ವಾಮನರಾವ್ ಮೇಷ್ಟ್ರು, ಕಾರ್ಖಾನೆಯ ಸಭಾಭವನದಲ್ಲಿ ಪಿಯಾನೊ ಕಲಿಸುತ್ತಿದ್ದವರು. ಹದಿನೈದು ದಿನ, ಬೆಳಗಿನ ಸೈರನ್ ಕೂಗುವ ಹೊತ್ತಿಗೆ ಸರಿಯಾಗಿ, ಮಣ್ಣಿನ ಹೊಂಡದ ದಂಡೆಯ ಮೇಲೆ ಮಡಚುವ ಕುರ್ಚಿ ಹಾಕಿಕೊಂಡು, ಕೆಸರು ಸಿಡಿಯದ ಹಾಗೆ ಪಂಚೆಯನ್ನು ಎತ್ತಿ ಕಟ್ಟಿ, ಕೊಡೆಯ ನೆರಳಲ್ಲಿ ಕೂತು ಬರೆದರು. ಹಸಿ ಹೆಂಚಿನ ಹಲಗೆ ಹೊತ್ತು ಹೊಂಡ ದಾಟುತ್ತಿದ್ದ ಹೆಂಗಸರಿಗೆ ಅದೊಂದು ತಮಾಷೆ. "ಮೇಷ್ಟ್ರು ನಮ್ಮ ಕಾಲುಂಗ್ರ ಎಣಿಸ್ತಾವ್ರೆ ಕಣ್ರಕ್ಕಾ," ಎಂದು ಸಾಲಿನ ಬಾಲದಲ್ಲಿದ್ದ ಈರಿ ಕೂಗಿದಳು. ತಲೆಯ ಮೇಲೆ ಹಲಗೆ ಇದ್ದುದರಿಂದ ಬಾಯಿಬಿಟ್ಟು ನಗಲಾರದೆ ಎಲ್ಲರೂ ಮೂಗಿನಲ್ಲೇ ನಕ್ಕರು. ಯಾರಿಗೂ ಭಯವಾಗಲಿಲ್ಲ. ಯಾರೋ ಕೇಳಿಸಿಕೊಂಡ ಮಾತ್ರಕ್ಕೆ ಹಾಡು ಹೋಗುವುದಿಲ್ಲ, ಬರೆದುಕೊಂಡರೂ ಹೋಗುವುದಿಲ್ಲ. ಇದು ನಮ್ಮ ಊರಿನಲ್ಲಿ ಹಸುಗೂಸಿಗೂ ಗೊತ್ತು. ಹೋಗುವುದು, ಇನ್ನೊಬ್ಬರು ಬಾಯಿಪಾಠ ಮಾಡಿದಾಗ.

ನಮ್ಮ ಊರಿನಲ್ಲಿ ಒಂದು ಧಾಟಿ ಒಂದೇ ಎದೆಯಲ್ಲಿ ನಿಲ್ಲುತ್ತದೆ. ನನ್ನದನ್ನು ನೀವು ಪೂರ್ತಿ ಕಲಿತಿರೋ, ನನಗೆ ಮರೆಯುತ್ತದೆ. ಮಾತು ಉಳಿಯುತ್ತದೆ, ಹಾಡುವ ಬಗೆ ಹೋಗುತ್ತದೆ. ಕಾಳು ಒಕ್ಕಿದ ಮೇಲೆ ಹುಲ್ಲು ಉಳಿದ ಹಾಗೆ. ನೋಡದೆ, ಕೇಳದೆ, ಮೂರು ಸಲ ತಪ್ಪಿಲ್ಲದೆ ಬಂದರೆ ಬಂದ ಹಾಗೆ. ಇದಕ್ಕೆ ತಕ್ಕ ಹಾಗೆ ಜನ ಬದುಕು ಹೊಂದಿಸಿಕೊಂಡಿದ್ದರು. ದೊಡ್ಡ ಮಗಳು ಜೋಗುಳ ಕಲಿತುಬಿಟ್ಟರೆ ತಾಯಿ ಎರಡನೆಯದಕ್ಕೆ ಬೇರೆ ಜೋಗುಳ ಕಟ್ಟುತ್ತಿದ್ದಳು. ಕ್ಷೌರದ ಅಂಗಡಿಯವನು ಗಿರಾಕಿ ಒಳಗೆ ಬಂದ ತಕ್ಷಣ ಸಿಳ್ಳೆ ನಿಲ್ಲಿಸುತ್ತಿದ್ದ. ಶಾಲೆಯಲ್ಲಿ ಪ್ರಾರ್ಥನೆಯನ್ನು ತುಂಡು ಮಾಡಿ ಒಂದೊಂದು ಮಗುವಿಗೆ ಒಂದೊಂದು ತುಂಡು ಕೊಟ್ಟಿದ್ದರು. ಎಲ್ಲಿ ತೂತು ಬೀಳುತ್ತದೋ ಆ ಮಗುವಿಗೆ ಹಾಜರಿ ಪುಸ್ತಕದಲ್ಲಿ ಗೈರು. ಹಾಡು ಕೈ ಬದಲಾಗುವಾಗ ಕೊಡುವವರು 'ಬಿಟ್ಟೆ' ಅನ್ನಬೇಕು, ಪಡೆಯುವವರು 'ಹಿಡಿದೆ' ಅನ್ನಬೇಕು. ಹಾಗೆ ಅನ್ನಿಸಿಕೊಳ್ಳದೆ ಕಲಿತವರ ಮನೆಯಲ್ಲಿ ನಮ್ಮ ಕೇರಿಯವರು ನೀರು ಮುಟ್ಟುತ್ತಿರಲಿಲ್ಲ. ನಮ್ಮ ಮನೆಯಲ್ಲಿ ನೀರು ಮುಟ್ಟದವರು ಊರಿನಲ್ಲಿ ಬೇಕಾದಷ್ಟು ಜನ ಇದ್ದರು. ನಾವು ಮುಟ್ಟದ ನೀರು ಇದೊಂದೇ.

ಹಲಗೆ ಹಾಡಿಗೆ ಹನ್ನೆರಡು ಸಾಲು. ಹೆಂಚು ಒತ್ತುವ ಚಪ್ಪರದಿಂದ ಒಣಗಿಸುವ ಚಪ್ಪರಕ್ಕೆ ಹೊಂಡದ ಮೇಲೆ ಮರ ಹಾಸಿದ ದಾರಿ. ಅಗಲ ಒಂದೂವರೆ ಪಾದ, ಉದ್ದ ನಲವತ್ತೆಂಟು ಹೆಜ್ಜೆ. ಹನ್ನೆರಡು ಹೆಂಗಸರು ಒಬ್ಬಳ ಹಿಂದೆ ಒಬ್ಬಳು, ಒಬ್ಬೊಬ್ಬಳಿಗೆ ಒಂದೊಂದು ಸಾಲು, ಸಾಲಿಗೆ ನಾಲ್ಕು ಹೆಜ್ಜೆ. ಮುಂದಿನವಳು ತನ್ನದನ್ನು ಮುಗಿಸಿದ ಕಡೆ ಹಿಂದಿನವಳು ಎತ್ತಿಕೊಳ್ಳುತ್ತಾಳೆ, ಬಾಲದವಳು ಇಳಿಸುತ್ತಾಳೆ. ಒಬ್ಬಳ ಹೆಜ್ಜೆ ತಪ್ಪಿದರೆ ಮರ ತುಯ್ಯುತ್ತದೆ, ಮರ ತುಯ್ದರೆ ಹಸಿ ಹೆಂಚು ಬಾಗುತ್ತದೆ, ಬಾಗಿದ ಹೆಂಚನ್ನು ಮೇಸ್ತ್ರಿ ಅವರ ಕಣ್ಣ ಮುಂದೆಯೇ ತುಳಿದು ಮತ್ತೆ ಮಣ್ಣು ಮಾಡುತ್ತಾನೆ. ಹಾಗಾಗಿ ಹಾಡು. ಇಡೀ ಹಾಡು ಯಾರೊಬ್ಬಳಿಗೂ ಬರುತ್ತಿರಲಿಲ್ಲ. ಬರಬೇಕೆಂದು ಯಾರಿಗೂ ಅನ್ನಿಸಿರಲೂ ಇಲ್ಲ. ಸಾಲಿನ ತಲೆಯಲ್ಲಿದ್ದವಳು ನನ್ನನ್ನು ಸಾಕಿದ ದೊಡ್ಡವ್ವ, ಚೌಡಮ್ಮ. "ಏಳು ಕೊರಳೇ ಏಳು, ಹಲಗೆ ಬಂತು ಏಳು" ಎಂಬುದು ಅವಳ ಸಾಲು. "ಇಳಿಸೆ ಅಕ್ಕ ಇಳಿಸೆ, ನೆರಳು ಬಂತು ಇಳಿಸೆ" ಎಂಬುದು ಈರಿಯದು.

ಏಳನೆಯವಳು ನನ್ನ ಅವ್ವ, ಪಾರಿ. ನನಗೆ ಮೂರು ವರ್ಷವಾಗಿದ್ದಾಗ ಸುಡುವ ಗೂಡಿನ ಗೋಡೆ ಅವಳ ಮೇಲೆ ಬಿತ್ತು. ಗೋಡೆ ಬಿರಿದಿದೆಯೆಂದು ಹೆಂಗಸರು ಒಂದು ತಿಂಗಳಿಂದ ಹೇಳುತ್ತಿದ್ದರು. 'ಬಿಟ್ಟೆ' ಅನ್ನುವಷ್ಟು ಹೊತ್ತೂ ಅವಳಿಗೆ ಸಿಗಲಿಲ್ಲ. ಅವಳ ಸಾಲು ಅವಳ ಜೊತೆಗೇ ಹೋಯಿತು. ಅಂದಿನಿಂದ ಹನ್ನೊಂದು ಹೆಂಗಸರು ನಡುವೆ ಒಬ್ಬಳಷ್ಟು ಜಾಗ ಬಿಟ್ಟು ನಡೆಯುತ್ತಾರೆ. ಆರನೆಯ ಸಾಲು ಮುಗಿದ ಮೇಲೆ ನಾಲ್ಕು ಹೆಜ್ಜೆ ಯಾರೂ ಬಾಯಿ ತೆರೆಯುವುದಿಲ್ಲ. ಬರಿಗಾಲು ಮರಕ್ಕೆ ತಾಗುವ ಸದ್ದು ಮಾತ್ರ. ಆಮೇಲೆ ಬೋರಮ್ಮ ಎಂಟನೆಯದನ್ನು ಎತ್ತುತ್ತಾಳೆ.

"ನಡುವೆ ಏನ್ರೇ ಅದು, ಹಲ್ಲು ಬಿದ್ದ ಬಾಯಿ ಇದ್ದಂಗೆ? ಕೂಡ್ಕಂಡು ನಡೀರಿ!" ಎಂದು ಮೇಸ್ತ್ರಿ ದಿನಾ ಕೂಗುತ್ತಿದ್ದ.

"ಅಲ್ಲಿ ಪಾರಿ ಅವ್ಳೆ ಸ್ವಾಮಿ, ತುಳಿಯಕ್ಕಾಯ್ತದಾ?" ಎಂದು ಬೋರಮ್ಮ ದಿನಾ ಉತ್ತರ ಕೊಡುತ್ತಿದ್ದಳು.

ಅವ್ವನ ಸಾಲಿನ ಮಾತು ನನಗೆ ಗೊತ್ತಿತ್ತು. "ಹಿಂದಕೂ ದೂರ, ಮುಂದಕೂ ದೂರ, ನೀರು ಕೊಡೆ ಅಕ್ಕ." ದಾರಿಯ ನಟ್ಟನಡುವೆ ನಿಂತವಳ ಮಾತು. ಅದನ್ನು ನಾನು ಹೇಳಬಲ್ಲೆ, ಗೋಡೆಯ ಮೇಲೆ ಇದ್ದಿಲಲ್ಲಿ ಬರೆಯಬಲ್ಲೆ. ಹಾಡಲಾರೆ. ಅವ್ವನ ಮುಖ ನೆನಪಿಲ್ಲದ್ದಕ್ಕೆ ನಾನು ಎಂದೂ ಅತ್ತವಳಲ್ಲ. ಆ ಧಾಟಿ ಗೊತ್ತಿಲ್ಲದ್ದಕ್ಕೆ ಅತ್ತಿದ್ದೇನೆ.

ಸಭಾಭವನದ ಪಿಯಾನೊ ಒರೆಸುವ ಕೆಲಸಕ್ಕೆ ಸೇರಿದ ನಾನು ಅದನ್ನು ನುಡಿಸಲು ಕಲಿತದ್ದು ಮೇಷ್ಟ್ರಿಂದಲೇ. ಅವರು ಕೆಟ್ಟವರೆಂದು ಹೇಳಿಬಿಟ್ಟರೆ ಈ ಕಥೆ ಸುಲಭವಾಗುತ್ತಿತ್ತು. ಏಳು ವರ್ಷ ಅವರು ನನ್ನ ಬೆರಳು ತಿದ್ದಿದರು, ಬೇಸರಿಸಲಿಲ್ಲ. ನನ್ನ ಹೆಸರನ್ನೂ ತಿದ್ದಿದರು. ದ್ಯಾವಿ ಹೋಗಿ ದೇವಿಕಾ ಆದೆ. ಕಡಲಾಚೆಯ ಎಷ್ಟೋ ಕೃತಿಗಳನ್ನು ಅವರು ನನಗೆ ಬಾಯಿಪಾಠ ಮಾಡಿಸಿದ್ದರು. ಅವನ್ನು ನಾನು ಕಲಿತಾಗ ಅಲ್ಲೆಲ್ಲೋ ದೂರದಲ್ಲಿ ಯಾರು ಏನನ್ನು ಮರೆತರೋ, ನಮಗೆ ತಿಳಿಯುತ್ತಿರಲಿಲ್ಲ. ತಿಳಿಯದ್ದಕ್ಕೆ ಹೊಟ್ಟೆ ಉರಿಯುವುದಿಲ್ಲ.

ನನಗೆ ಹದಿನೇಳು ತುಂಬಿದ ವರ್ಷ ಕಾರ್ಖಾನೆಗೆ ಐವತ್ತು ತುಂಬಿತು. ಮೇಷ್ಟ್ರು ಒಂದು ಮಧ್ಯಾಹ್ನ ನನ್ನ ಮುಂದೆ ಒಂದು ಹಾಳೆ ಇಟ್ಟರು. ಮೇಲೆ ಧಣಿಯ ಹೆಸರು, ಕೆಳಗೆ ಸ್ವರಗಳು. ನಾಲ್ಕಾರು ಸ್ವರ ನುಡಿಸುವಷ್ಟರಲ್ಲಿ ನನ್ನ ಕೈ ನಿಂತಿತು.

"ಇದು ಈರಿಯದು ಸಾರ್. ಇದು ನಮ್ಮ ಹಾಡು."

"ಮಣ್ಣು ತುಳಿಯೋರೂ ನೀವೇ ಅಲ್ವೇನಮ್ಮ?" ಎಂದರು ಮೇಷ್ಟ್ರು, ಕನ್ನಡಕ ಒರೆಸುತ್ತ. "ಹೆಂಚಿನ ಮೇಲೆ ಯಾರ ಹೆಸರಿರುತ್ತೆ?"

"ಕಾಗದ ನೋಡ್ಕೊಂಡು ನುಡಿಸ್ತೀನಿ."

"ನೋಡಿಕೊಂಡು ನುಡಿಸೋಕೆ ಗುಮಾಸ್ತ ಸಾಕು. ಸಭೇಲಿ ಕಾಗದ ಇರಕೂಡದು ಅಂತ ಧಣಿಗಳ ಅಪ್ಪಣೆ."

"ಬಾಯಿಪಾಠ ಮಾಡಿದ್ರೆ ಅವರಿಗೆ ಹೋಗ್ತದಲ್ಲ ಸಾರ್."

"ಎಲ್ಲಿಗೆ ಹೋಗುತ್ತೆ? ನಿನ್ನ ಹತ್ರ ತಾನೆ ಬರೋದು? ನಿಮ್ಮ ಕೇರಿಲೇ ಇರುತ್ತೆ." ಅಷ್ಟು ಹೇಳಿ ಅವರು ಕೋಟಿನ ಒಳಜೇಬನ್ನು ಮೆಲ್ಲಗೆ ತಟ್ಟಿದರು. "ಏಳನೇದೂ ಸಿಕ್ಕಿದೆ, ದೇವಿಕಾ."

ನನ್ನ ಕಣ್ಣು ಆ ಜೇಬಿನ ಮೇಲೆಯೇ ನಿಂತಿತು.

"ಆರನೇದು ಗೊತ್ತು, ಎಂಟನೇದು ಗೊತ್ತು. ನಡುವೆ ಏನಿದ್ದಿರಬೇಕು ಅಂತ ಸಂಗೀತ ಬಲ್ಲವನಿಗೆ ತಿಳಿಯುತ್ತೆ. ನಿನ್ನ ತಾಯಿ ಸಾಲು ಇಲ್ಲಿದೆ. ಆದರೆ ಪದ್ಧತಿ ಪ್ರಕಾರ ಹೋಗೋಣ. ಕೊನೆಯಿಂದ ಕಲಿ. ಒಂದು ಬಂದರೆ ಅದರ ಹಿಂದಿನ ಹಾಳೆ ಕೊಡ್ತೀನಿ."

ಕೊನೆಯಿಂದ ಕಲಿಸುವುದು ಅವರ ಪದ್ಧತಿ. ಮೊದಲಿಂದ ಕಲಿತವರು ಸಭೆಯಲ್ಲಿ ಮುಂದೆ ಹೋದಂತೆಲ್ಲ ಗೊತ್ತಿಲ್ಲದ ಕತ್ತಲೆಗೆ ಕಾಲಿಡುತ್ತಾರೆ, ಕೊನೆಯಿಂದ ಕಲಿತವರು ಹೆಜ್ಜೆ ಹೆಜ್ಜೆಗೂ ತಮ್ಮ ಮನೆಗೆ ಹತ್ತಿರವಾಗುತ್ತಾರೆ ಎನ್ನುತ್ತಿದ್ದರು. ನಾನು ಲೆಕ್ಕ ಹಾಕಿದೆ. ಅವ್ವನಿಗೂ ನನಗೂ ನಡುವೆ ಐವರು ಹೆಂಗಸರು. ಆ ಐದು ಸಾಲು ಕಲಿಯುತ್ತೇನೆ, ಏಳನೆಯದನ್ನು ಕೈಗೆ ತೆಗೆದುಕೊಳ್ಳುತ್ತೇನೆ, ಆಮೇಲೆ ಐವರಿಗೂ ಅವರವರದನ್ನು ಹಾಡಿ ಹಿಂದಿರುಗಿಸುತ್ತೇನೆ. ಸಾಲ ಕೇಳದೆ ಒಂದು ಸೇರು ಅಕ್ಕಿ ಎತ್ತಿಕೊಂಡು ಸಂಜೆಯೊಳಗೆ ತುಂಬಿಸಿಡುವ ಹಾಗೆ. ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಹೇಳಲಿಲ್ಲ ಅನ್ನುವುದರಲ್ಲೇ ನನಗೆ ಅದು ತಪ್ಪೆಂದು ಗೊತ್ತಿತ್ತು ಎಂಬುದೂ ಸೇರಿದೆ.

ಕಲಿತೆ. ಮೊದಲು ಎಡಗೈ ಒಂದನ್ನೇ. "ಬಲಗೈ ಜಂಬಗಾರ, ಎಡಗೈಯನ್ನ ಕೇಳು, ಅದು ಸುಳ್ಳು ಹೇಳಲ್ಲ" ಎನ್ನುತ್ತಿದ್ದರು. ಆಮೇಲೆ ಎರಡು ಕೈಯೂ, ಆಮೆಯ ನಡಿಗೆಯಲ್ಲಿ. ಆಮೇಲೆ ಪಿಯಾನೊ ಮುಚ್ಚಿ, ಬರಿ ಮೇಜಿನ ಮೇಲೆ. ಆಮೇಲೆ ಕೈಯನ್ನೂ ಕಟ್ಟಿಕೊಂಡು, ಕಣ್ಣು ಮುಚ್ಚಿ, ತಲೆಯಲ್ಲೇ. ಬೆರಳಿಗೆ ಅಭ್ಯಾಸವಾದದ್ದನ್ನು ನಂಬಬಾರದು. ಜನರ ಮುಂದೆ ಕೂತಾಗ ಬೆರಳು ಗಾಬರಿಯಾದರೆ ಇಡೀ ಹಾಡು ಕೈಬಿಟ್ಟುಹೋಗುತ್ತದೆ. ಅದಕ್ಕೇ ಅವರು ಕೋಣೆಯಲ್ಲಿ ಓಡಾಡುತ್ತ ಇದ್ದಕ್ಕಿದ್ದಂತೆ "ಹತ್ತು!" ಎಂದು ಕೂಗುತ್ತಿದ್ದರು, ನಾನು ಹತ್ತರಿಂದ ಶುರು ಮಾಡಬೇಕು. "ಹನ್ನೆರಡು!" ಎಂದರೆ ಹನ್ನೆರಡರಿಂದ. ಎಲ್ಲಿ ಎಡವಿದರೂ ಹಿಡಿದುಕೊಳ್ಳಲು ಅಲ್ಲಲ್ಲಿ ಗೂಟ ಇರಬೇಕು ಎನ್ನುತ್ತಿದ್ದರು. ಅವರಿಗೆ ಅವು ಗೂಟಗಳು. ನನಗೆ ಈರಿ, ಬೋರಮ್ಮ.

ಮೊದಲ ಹಾಳೆ ಮೂರು ಸಲ ತಪ್ಪಿಲ್ಲದೆ ಬಂದ ಮಾರನೆಯ ಬೆಳಿಗ್ಗೆ, ನಲವತ್ತೈದನೆಯ ಹೆಜ್ಜೆಗೆ ಈರಿ ಬಾಯಿ ತೆರೆದಳು. "ಇಳಿಸೆ ಅಕ್ಕ ಇಳಿಸೆ" ಎಂಬ ಮಾತು ಬಂತು, ಅಂಗಡಿಯಲ್ಲಿ ಸಾಮಾನಿನ ಪಟ್ಟಿ ಓದಿದ ಹಾಗೆ. ಅವಳು ಗಾಬರಿಯಲ್ಲಿ ಕಾಲು ಬೇಗ ಹಾಕಿದಳು. ಮುಂದಿನ ಹಲಗೆಗೆ ಅವಳ ಹಲಗೆ ಬಡಿಯಿತು. "ಗಂಟಲು ಕಟ್ಟೈತೆ ಕಣಕ್ಕ," ಎಂದಳು. ಕೇರಿಯವರು ಮೆಣಸಿನ ಕಷಾಯ ಮಾಡಿಕೊಟ್ಟರು. ಮುಂದಿನ ವಾರ ಹನ್ನೊಂದನೆಯವಳ ಗಂಟಲೂ ಕಟ್ಟಿತು. ಆಮೇಲೆ ಯಾರೂ ಕಷಾಯ ಮಾಡಲಿಲ್ಲ. ಸಭಾಭವನದ ಕಿಟಕಿ ತೆರೆದೇ ಇರುತ್ತಿತ್ತು, ನಾನು ನುಡಿಸುತ್ತಿದ್ದುದು ಹೊಂಡದವರೆಗೂ ಕೇಳಿಸುತ್ತಿತ್ತು.

ನನ್ನನ್ನು ಯಾರೂ ಬಯ್ಯಲಿಲ್ಲ. ನಮ್ಮ ಮನೆಗೆ ಬಂದವರು ಜಗಲಿಯಲ್ಲಿ ಕೂತು ಮಾತಾಡಿ ಎದ್ದು ಹೋಗುತ್ತಿದ್ದರು; ದೊಡ್ಡವ್ವ ತಂದಿಟ್ಟ ನೀರಿನ ಚೊಂಬು ತುಂಬಿದ ಹಾಗೇ ಇರುತ್ತಿತ್ತು. ಈರಿ ಮಾತ್ರ ಒಂದು ಸಂಜೆ ನಲ್ಲಿಯ ಹತ್ತಿರ ನನ್ನನ್ನು ನಿಲ್ಲಿಸಿದಳು. ಮದುವೆಯಾಗಿ ಬಂದು ಎರಡು ವರ್ಷವಾಗಿದ್ದ ಹುಡುಗಿ, ಎಲ್ಲಕ್ಕೂ ನಗುವವಳು.

"ದ್ಯಾವಿ, ನಮ್ಮ ಹುಡ್ಗಿ ನಿನ್ತಾವ ಸುಖವಾಗವ್ಳಾ?" ಎಂದು ತನ್ನ ಸಾಲಿನ ಬಗ್ಗೆ ಕೇಳಿದಳು, ಮಗಳನ್ನು ಕೊಟ್ಟ ಮನೆಯವರನ್ನು ವಿಚಾರಿಸುವ ಹಾಗೆ. "ಹೊತ್ಹೊತ್ತಿಗೆ ಊಟ ಹಾಕ್ತೀಯಾ? ಅವ್ಳಿಗೆ ಕೊನೇಲಿ ಚೂರು ಎಳೆದ್ರೆ ಆಸೆ, ಮರೀಬ್ಯಾಡ."

ನಗುತ್ತಲೇ ಕೊಡ ಎತ್ತಿಕೊಂಡು ಹೋದಳು. ನನ್ನ ಕೊಡ ತುಂಬಿ ಸುರಿಯುತ್ತಿತ್ತು.

ಐದನೆಯ ಹಾಳೆಗೆ ಬೋರಮ್ಮನ ಸಾಲೂ ಹೋಯಿತು. ಈಗ ಆರು ಸಾಲು ಹಾಡು, ಆಮೇಲೆ ಬಾಲದವರೆಗೂ ಬರಿ ಹೆಜ್ಜೆ. ಆ ಬರಿ ಹೆಜ್ಜೆ ಅವ್ವನ ನಾಲ್ಕು ಹೆಜ್ಜೆಯ ಹಾಗಿರಲಿಲ್ಲ. ಅದರಲ್ಲಿ ಒಬ್ಬರ ಕಾಲು ಒಬ್ಬರಿಗೆ ಕೇಳಿಸುತ್ತಿರಲಿಲ್ಲ. ಒಂದು ದಿನ ಮರ ತುಯ್ದು ಈರಿ ಹಲಗೆಯ ಸಮೇತ ಹೊಂಡಕ್ಕೆ ಬಿದ್ದಳು. ಪಾದದ ಮೂಳೆ ಮುರಿಯಿತು. ಮೇಸ್ತ್ರಿ ಮೊದಲು ಹೆಂಚು ಎಣಿಸಿದ, ಆಮೇಲೆ ಅವಳನ್ನು ಮೇಲೆತ್ತಿಸಿದ. ಮಿಕ್ಕ ನಾಲ್ವರನ್ನೂ ಸಾಲಿನಿಂದ ತೆಗೆದು ಮಣ್ಣು ತುಳಿಯಲು ಹಾಕಿದ. "ಹಾಡು ಬರ್ದೋಳಿಗೆ ಹಲಗೆ ಯಾಕೆ? ಒಳ್ಳೇದೇ ಆಯ್ತು ಬಿಡ್ರಿ. ಹಾಡಿರೋಗಂಟ ಹಾಡಿನ ನಡಿಗೆ. ಮಿಕ್ಕ ಆರೂ ಹೋಗ್ಲಿ, ಆಮೇಲೆ ನನ್ನ ನಡಿಗೆ ತೋರಿಸ್ತೀನಿ, ಇದರ ಎರಡರಷ್ಟು ಬಿರ್ಸು." ಐವತ್ತು ವರ್ಷದ ಸಂಭ್ರಮಕ್ಕೆ ನಮ್ಮ ಹಾಡೇ ಯಾಕೆ ಬೇಕಾಯಿತು, ಅದು ಬಾಯಿಪಾಠವೇ ಯಾಕೆ ಆಗಬೇಕು ಎಂಬುದು ನನಗೆ ಅರ್ಥವಾದದ್ದು ಆವತ್ತು. ಅರ್ಥವಾದರೂ ನಾನು ಮಾರನೆಯ ದಿನ ಸಭಾಭವನಕ್ಕೆ ಹೋದೆ. ಮುಂದಿನ ಹಾಳೆ ಏಳನೆಯದಾಗಿತ್ತು. 

ಏಳನೆಯ ಹಾಳೆ ತುಂಬಾ ಚೆನ್ನಾಗಿತ್ತು. ಕೆಳಗಿನಿಂದ ಹೊರಟು, ಮೆಟ್ಟಿಲು ಮೆಟ್ಟಿಲಾಗಿ ಹತ್ತಿ, ತುದಿಯಲ್ಲಿ ಬೆಳಕಿನ ಹಾಗೆ ಚೆಲ್ಲುತ್ತಿತ್ತು. ಒಂದೇ ಮಧ್ಯಾಹ್ನಕ್ಕೆ ಬಾಯಿಪಾಠವಾಯಿತು. ನನ್ನ ಅವ್ವ ಇಷ್ಟು ಚೆನ್ನಾಗಿದ್ದಳು ಎಂದುಕೊಂಡು ಅತ್ತೆ. ಭಾನುವಾರ ದೊಡ್ಡವ್ವನನ್ನು ಬಲವಂತ ಮಾಡಿ ಸಭಾಭವನಕ್ಕೆ ಕರೆತಂದೆ. ಅವಳು ಹೊಸಿಲಾಚೆ ಕಾಲು ತೊಳೆದುಕೊಂಡು, ಕುರ್ಚಿಗಳನ್ನೆಲ್ಲ ಬಿಟ್ಟು ನೆಲದ ಮೇಲೆ ಕೂತಳು.

ನಾನು ಆ ಒಂದು ಸಾಲು ನುಡಿಸಿದೆ.

"ಯಾರ್ದು ಇದು?" ಎಂದಳು ದೊಡ್ಡವ್ವ.

"ಅವ್ವಂದು."

ಅವಳು ಪಿಯಾನೊದ ಕಾಲುಗಳನ್ನು ನೋಡಿದಳು. ಆಮೇಲೆ ತಲೆಯಾಡಿಸಿದಳು. "ಅಲ್ಲ ಕಣ್ ಮಗ. ನಿಮ್ಮವ್ವ ನೀರು ಕೇಳಾವಾಗ ಇಂಗೆ ಕುಣೀತಾ ಕೇಳ್ತಿರ್ಲಿಲ್ಲ."

"ಮೇಷ್ಟ್ರು ಕಂಡುಹಿಡಿದವ್ರೆ ದೊಡ್ಡವ್ವ. ಆರೂ ಎಂಟೂ ನೋಡಿ..."

"ನಿಮ್ಮ ಮೇಷ್ಟ್ರು ಯಾವತ್ತಾದ್ರೂ ತಲೆ ಮ್ಯಾಲೆ ಹಲಗೆ ಹೊತ್ತವ್ರಾ?" ಅವಳು ಎರಡೂ ಕೈ ಎತ್ತಿ ಇಲ್ಲದ ಹಲಗೆಯನ್ನು ಹಿಡಿದಳು, ಕತ್ತಿನ ನರ ಎರಡು ಹಗ್ಗಗಳ ಹಾಗೆ ಬಿಗಿದವು. "ನಮ್ಮ ಹಾಡು ಹತ್ತಾದಿಲ್ಲ ಮಗ. ಹನ್ನೆರಡರಲ್ಲಿ ಒಂದು ಸಾಲೂ ಹತ್ತಾದಿಲ್ಲ, ನೋಡ್ಕ. ಕತ್ತು ಎತ್ತಕ್ಕಾದ್ರೆ ತಾನೆ ದನಿ ಎತ್ತಾದು?"

ಏಳು ವರ್ಷ ಸಂಗೀತ ಕಲಿತ ನನಗೆ ಅದು ಕಂಡಿರಲಿಲ್ಲ. ಹಾಳೆಗಳನ್ನು ತೆಗೆದು ನೋಡಿದೆ. ಈರಿಯದು ಮಟ್ಟಸ, ಬೋರಮ್ಮನದು ಮಟ್ಟಸ, ಎಲ್ಲ ಸಾಲೂ ನೆಲಕ್ಕೆ ಅಂಟಿಕೊಂಡೇ ನಡೆಯುತ್ತಿದ್ದವು. ಏಳನೆಯದು ಒಂದೇ ಕತ್ತೆತ್ತಿ ನಡೆಯುತ್ತಿತ್ತು, ಎಂದೂ ಏನನ್ನೂ ಹೊರದವರ ಹಾಗೆ.

ಅದಕ್ಕಾಗಿ ನಾನು ಐವರ ಬಾಯಿ ಒಣಗಿಸಿದ್ದೆ.

ಅಲ್ಲಿಂದ ನೇರ ಈರಿಯ ಮನೆಗೆ ಓಡಿದೆ. ಅವಳು ಕಾಲಿಗೆ ಪಟ್ಟಿ ಸುತ್ತಿಕೊಂಡು ಗೋಡೆಗೆ ಒರಗಿ ಕೂತಿದ್ದಳು, ಪಕ್ಕದಲ್ಲಿ ಬೋರಮ್ಮ. "ನಿಂದು ತಂದಿದೀನಿ, ಹಿಡ್ಕೋ," ಎಂದು ಹಾಡಲು ಬಾಯಿ ತೆರೆದೆ. ಬಂದದ್ದು ಪಿಯಾನೊ. ಅಳತೆಗೆ ಕತ್ತರಿಸಿದ, ಅಂಚು ಹೊಲಿದ, ಇಸ್ತ್ರಿ ಮಾಡಿದ ಸ್ವರ. ಕೊನೆಯಲ್ಲಿ ಅವಳು ಎಳೆಯುತ್ತಿದ್ದ ಆ ಚೂರು, ಹಲಗೆ ಇಳಿಸಿದಾಗ ಬಿಡುವ ಉಸಿರಿನಷ್ಟು ಉದ್ದದ್ದು, ಕಾಗದದಲ್ಲೇ ಇರಲಿಲ್ಲ. ಈರಿ ಕಷ್ಟಪಟ್ಟು ಕೇಳಿದಳು. ಹಿಂದೆಯೇ ಹಾಡಲು ನೋಡಿದಳು. ಹತ್ತು ಸಲ ಹೇಳಿಕೊಟ್ಟೆ. ಕೈಗೆ ಇಳಿದದ್ದು ಗಂಟಲಿಗೆ ಹತ್ತಲಿಲ್ಲ.

"ಇದ್ಯಾರೋ ಪ್ಯಾಟೆಯೋಳು ಕಣೆ," ಎಂದಳು ಈರಿ ಕೊನೆಗೆ. ಈ ಸಲ ನಗಲಿಲ್ಲ. "ನಮ್ಮ ಹುಡ್ಗಿ ಅಲ್ಲ ಇವ್ಳು."

ಬೋರಮ್ಮ ನನ್ನ ತಲೆಯ ಮೇಲೆ ಕೈಯಿಟ್ಟಳು. ಬಯ್ದಿದ್ದರೆ ಬದುಕಿಕೊಳ್ಳುತ್ತಿದ್ದೆ.

ಮನೆಗೆ ಬಂದಾಗ ದೊಡ್ಡವ್ವ ಒಲೆಯ ಮುಂದೆ ಕೂತಿದ್ದಳು. "ಪಾರಿಯ ನಾಕು ಹೆಜ್ಜೆ ಸುಮ್ಕೆ ನಡೆಯಾದು ಕಲಿಯಕ್ಕೆ ನಮಗೆ ಎರಡು ವರ್ಸ ಬೇಕಾಯ್ತು," ಎಂದಳು, ನನ್ನ ಕಡೆ ತಿರುಗದೆ. "ಇನ್ನ ಇಪ್ಪತ್ತು ಹೆಜ್ಜೆ ಕಲಿಯಕ್ಕೆ ನಮ್ಮ ಆಯಸ್ಸು ಸಾಲ್ದು. ನನ್ನ ಸಾಲು ಬೇಕಾದ್ರೆ ಕೇಳು. ಎದುರಿಗೆ ಕುಂತು ಕೇಳು. ಕೊಡಾಂಗಿದ್ರೆ ಬಿಟ್ಟೆ ಅಂತೀನಿ. ಕಿಟಕಿಯೊಳಗಿಂದ ಎಳ್ಕಬ್ಯಾಡ."

ಮಾರನೆಯ ದಿನ ಮೇಷ್ಟ್ರಿಗೆ ಹೇಳಿದೆ: ಉಳಿದ ಆರು ಸಾಲು ಬಾಯಿಪಾಠ ಮಾಡುವುದಿಲ್ಲ, ಕಾಗದ ನೋಡಿಯೇ ನುಡಿಸುತ್ತೇನೆ, ಇಲ್ಲದಿದ್ದರೆ ಬೇರೆಯವರನ್ನು ಹುಡುಕಿಕೊಳ್ಳಿ.  "ಆಯ್ತು," ಎಂದರು. "ಕಾಗದ ಇಟ್ಟುಕೋ." ಅಷ್ಟು ಸುಲಭವಾಗಿ ಒಪ್ಪಿಕೊಂಡಾಗಲೇ ನನಗೆ ಗೊತ್ತಾಗಬೇಕಿತ್ತು.

ಮೊದಲಿಂದ ಕೊನೆಯವರೆಗೂ ನೋಡಿಕೊಂಡೇ ನುಡಿಸತೊಡಗಿದೆ. ಏಳನೆಯ ಸಾಲು ಬಂದಾಗ ನನ್ನ ಕೈ ತಾನಾಗಿ ನಿಲ್ಲುತ್ತಿತ್ತು. ನಾಲ್ಕು ಹೆಜ್ಜೆ ಎಣಿಸಿ ಎಂಟಕ್ಕೆ ಹೋಗುತ್ತಿದ್ದೆ.

"ಮತ್ತೆ ಮರೆತೆಯಾ?" ಎನ್ನುತ್ತಿದ್ದರು ಮೇಷ್ಟ್ರು.

"ಮರೆತಿಲ್ಲ ಸಾರ್."

"ಅಲ್ಲಿ ಸ್ವರ ಇದೆ."

"ಅಲ್ಲಿ ನಮ್ಮವ್ವ ಅವ್ಳೆ."

ದಿನಕ್ಕೆ ಇಪ್ಪತ್ತು ಸಲ ನುಡಿಸಿದರೆ ಕಣ್ಣು ಕಾಗದದ ಮೇಲಿದ್ದರೂ ಬೆರಳು ತನ್ನ ಪಾಡಿಗೆ ಕಲಿಯುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ಬೆರಳನ್ನು ನಂಬಬೇಡ ಎಂದು ಏಳು ವರ್ಷ ಹೇಳಿದವರು ಈಗ ಬೆರಳನ್ನೇ ನಂಬಿದ್ದರು. ಒಂದು ಮಧ್ಯಾಹ್ನ, ನಾನು ಮೊದಲ ಸಾಲು ಮುಗಿಸುತ್ತಿದ್ದಾಗ, ಹಿಂದಿನಿಂದ ಬಂದು ಕಾಗದವನ್ನು ಸರಕ್ಕನೆ ಎಳೆದುಕೊಂಡರು. ಕೈ ನಿಲ್ಲಲಿಲ್ಲ. ಎರಡು, ಮೂರು, ನಾಲ್ಕು, ಐದು, ಆರು, ನಿಲ್ಲಿಸಬೇಕೆಂದು ನನಗೆ ಹೊಳೆಯುವಷ್ಟರಲ್ಲಿ ಎಲ್ಲವೂ ಮುಗಿದಿತ್ತು. ಮಾರನೆಯ ದಿನ ಕಾಗದವನ್ನು ತಲೆಕೆಳಗಾಗಿ ಇಟ್ಟಿದ್ದರು. ಮೊದಲ ಸಾಲಿನಿಂದ ಆರನೆಯದರವರೆಗೆ ನುಡಿಸಿಬಿಟ್ಟ ಮೇಲೆ ಅದನ್ನು ಗಮನಿಸಿದೆ. ಮೂರು ಸಲದಲ್ಲಿ ಮೊದಲ ಸಾಲಿಗೆ ಒಂದು ಆಗಿಹೋಗಿತ್ತು, ಮಿಕ್ಕವಕ್ಕೆ ಎರಡು. ಮೂರನೆಯ ದಿನ ನಾನು ಪಿಯಾನೊದ ಮುಂದೆ ಕೂರಲಿಲ್ಲ. ಕಿಟಕಿಯ ಬಳಿ ನಿಂತು ಕೇಳಿದೆ. "ಏಳು ಕೊರಳೇ ಏಳು" ಎಂದು ದೊಡ್ಡವ್ವ ಎತ್ತುತ್ತಿದ್ದಳು. ಧಾಟಿ ಇತ್ತು, ಆದರೆ ಅಂಚಿನಲ್ಲಿ ಸವೆದಿತ್ತು, ಹಳೆಯ ಸೀರೆಯ ಸೆರಗಿನ ಹಾಗೆ.

ಸಂಭ್ರಮದ ದಿನ ಸಂಜೆ ನಾಲ್ಕಕ್ಕೆ ಸಭೆ. ಆಹ್ವಾನ ಪತ್ರಿಕೆಯಲ್ಲಿ "ರಚನೆ: ಶ್ರೀಮಾನ್ ಧಣಿಗಳು. ಪಿಯಾನೊ: ಕುಮಾರಿ ದೇವಿಕಾ" ಎಂದಿತ್ತು. ಅತಿಥಿಗಳಿಗೆ ನೋಡಲು ಚೆನ್ನಾಗಿರುತ್ತದೆಂದು, ಸಾಲಿನಲ್ಲಿ ಉಳಿದಿದ್ದ ಆರು ಹೆಂಗಸರಿಗೆ ಒಂದೇ ಬಣ್ಣದ ಸೀರೆ ಉಡಿಸಿ, ತಲೆಯ ಮೇಲೆ ಹೆಂಚಿನ ಹಲಗೆ ಇಟ್ಟು, ಬಾಗಿಲ ಬಳಿ ಗೋಡೆಯುದ್ದಕ್ಕೂ ನಿಲ್ಲಿಸಿದ್ದರು. ಮೊದಲನೆಯವಳು ದೊಡ್ಡವ್ವ. ಧಣಿ ಮುಂದಿನ ಸಾಲಿನ ನಡುವಿನ ಕುರ್ಚಿಯಲ್ಲಿ, ಹಾರ ಹಾಕಿಕೊಂಡು. ನೋಡಿಕೊಂಡೇ ನುಡಿಸುವುದೆಂದು ನಾನು ಹಾಳೆಗಳನ್ನು ಎದೆಗೆ ಒತ್ತಿಕೊಂಡು ವೇದಿಕೆ ಹತ್ತಿದೆ. ಪಿಯಾನೊದ ಮೇಲೆ ಹಾಳೆ ಇಡುವ ಹಲಗೆ ಇರಲಿಲ್ಲ. ತಿರುಪು ಬಿಚ್ಚಿ ತೆಗೆದಿದ್ದರು; ಅದಿದ್ದ ಕಡೆ ಎರಡು ತೂತು. ಮೇಷ್ಟ್ರು ನಗುಮುಖದಿಂದ ಬಂದು, ಎಲ್ಲರಿಗೂ ಕಾಣುವ ಹಾಗೆ, ಮಗುವಿನ ಕೈಯಿಂದ ಆಟಿಕೆ ತೆಗೆದುಕೊಳ್ಳುವ ಹಾಗೆ, ನನ್ನ ಕೈಯಿಂದ ಹಾಳೆಗಳನ್ನು ತೆಗೆದುಕೊಂಡರು. ಜನ ಚಪ್ಪಾಳೆ ತಟ್ಟಿದರು.

"ನಿನಗೆ ಬರುತ್ತೆ," ಎಂದು ಅವರು ಪಿಸುಗುಟ್ಟಿದರು. "ಕೈ ಇಡು ಸಾಕು. ಅದೇ ಹೋಗುತ್ತೆ. ಮೊದಲಿಂದ."

ಹೋಗುತ್ತದೆ ಎಂದು ನನಗೂ ಗೊತ್ತಿತ್ತು. ಬೆರಳುಗಳು ಆಗಲೇ ತಮ್ಮ ಜಾಗ ಹುಡುಕುತ್ತಿದ್ದವು. ನಾನು ಅವನ್ನು ಮಡಚಿ ತೊಡೆಯ ಮೇಲೆ ಇಟ್ಟುಕೊಂಡೆ.

ಸಭೆಯಲ್ಲಿ ಯಾರೋ ಕೆಮ್ಮಿದರು. ಕುರ್ಚಿಯೊಂದು ಕಿರುಗುಟ್ಟಿತು. ಮೇಷ್ಟ್ರು ಇನ್ನೂ ಬಗ್ಗಿದರು. ಅವರ ಉಸಿರಿನಲ್ಲಿ ಲವಂಗದ ವಾಸನೆ. "ದೇವಿಕಾ, ಧಣಿಗಳು ನೋಡ್ತಿದಾರೆ. ನೀನು ಹಟ ಮಾಡಿದ್ರೆ ನಾಳೆ ಆ ಆರು ಜನಕ್ಕೂ ಕೆಲಸ ಇರಲ್ಲ. ಏಳು ವರ್ಷ ಕಲಿಸಿದೀನಿ ನಿನಗೆ. ನನ್ನ ಮರ್ಯಾದೆ ಉಳಿಸು ತಾಯಿ. ನುಡಿಸು."

ನಾನು ಬಾಗಿಲ ಕಡೆ ತಿರುಗಿ ನೋಡಿದೆ. ದೊಡ್ಡವ್ವ ಹಲಗೆಯ ಕೆಳಗಿನಿಂದ ನನ್ನನ್ನೇ ನೋಡುತ್ತಿದ್ದಳು. ಅವಳಿಗೆ ಮೇಷ್ಟ್ರ ಮಾತು ಕೇಳಿಸಿರಲಾರದು. ಬಗ್ಗಿದ ಬೆನ್ನು ಕಂಡರೆ ಸಾಕಿತ್ತು. ಅವಳು ತಲೆ ಅಲ್ಲಾಡಿಸಲಿಲ್ಲ, ಅಲ್ಲಾಡಿಸುವ ಹಾಗೂ ಇರಲಿಲ್ಲ. ನಿಂತಲ್ಲೇ ಕಾಲು ಎತ್ತಿ ಇಟ್ಟಳು. ಅವಳ ಪಕ್ಕದವಳು ಇಟ್ಟಳು. ಆರು ಜೊತೆ ಬರಿಗಾಲು ಒಟ್ಟಿಗೆ. ಒಂದು. ಎರಡು. ಮೂರು. ನಾಲ್ಕು. ಬಾಗಿಲಾಚೆ ಮಣ್ಣು ತುಳಿದು ಬಂದು ನಿಂತಿದ್ದವರ ಕಡೆಯಿಂದಲೂ ಅವ್ವನ ಅದೇ ನಾಲ್ಕು ಹೆಜ್ಜೆ ಕೇಳಿಸಿತು, ಕೊನೆಯದಕ್ಕೆ ಒಂದು ಊರುಗೋಲಿನ ಸದ್ದೂ ಸೇರಿತ್ತು. ಹಲಗೆಗಳ ಮೇಲೆ ಒಂದು ಹೆಂಚೂ ಅಲುಗಲಿಲ್ಲ.

"ಏನದು ಸದ್ದು?" ಎಂದರು ಧಣಿ.

"ಏನಿಲ್ಲ ಸ್ವಾಮಿ, ಶುರು ಆಗುತ್ತೆ," ಎಂದು ಮೇಷ್ಟ್ರು ಗಟ್ಟಿಯಾಗಿ ಹೇಳಿ, ನನ್ನ ಭುಜ ಹಿಡಿದು ಒತ್ತಿದರು. "ನುಡಿಸು ದೇವಿಕಾ!"

ನಾನು ಪಿಯಾನೊದ ಮುಚ್ಚಳ ಎಳೆದು ಮುಚ್ಚಿ ಎದ್ದು ನಿಂತೆ.

"ನನ್ನ ಹೆಸರು ದ್ಯಾವಿ ಸಾರ್," ಎಂದೆ. "ಅವರು ಬಿಟ್ಟೆ ಅಂದಿಲ್ಲ. ನಾನು ಹಿಡಿಯಲ್ಲ."